ತ್ಬಿಲಿಸಿಯಲ್ಲಿ ಹಳೆಯ ಲ್ಯಾಪ್‌ಟಾಪ್

ವಾಖ್ತಾಂಗ್ ಪ್ರೊಸೆಸರಿನ ವಂಶಾವಳಿ ಹೇಳುತ್ತಲೇ ಇದ್ದ.
ತಮ್ತಾಳಿಗೆ ಅದು ಬೇಡ.
ಒಂದೇ ಬೆರಳಲ್ಲಿ ಮುಚ್ಚಳ ಎತ್ತಿದಳು,
ಬುಡವೂ ಜೊತೆಗೇ ಎದ್ದು ಬಂತು.
'ಹ್ಞೂಂ' ಎಂದಳಷ್ಟೆ.

ಕಣ್ಣು ಮುಚ್ಚಿ ಕೀಲಿಗಳ ಮೇಲೆ ಕೈಯಾಡಿಸಿದಳು:
ಎಸ್ಕೇಪ್ ಇದ್ದಲ್ಲೇ ಇದೆ, ಪುಣ್ಯ.
ಮೇಲಿನ ಬಾಣ, ಕೆಳಗಿನ ಬಾಣ
ಒಂದೇ ಕೋಣೆಯಲ್ಲಿ ಬಾಡಿಗೆಗಿವೆ.
ಬಾಗಿಲ ಬಿಸಿಲಿಗೆ ತಿರುಗಿಸಿದರೆ
ಪರದೆಯಲ್ಲಿ ಕೋಡ್ ಇಲ್ಲ, ಅವಳದೇ ಮೂಗು.

'ಕಂಪೈಲ್ ಮಾಡಿ ನೋಡು ಮತ್ತೆ.'
ನಾಲ್ಕು ನಿಮಿಷ. ಫ್ಯಾನು
ಪಕ್ಕದ ಬೀದಿಯ ರೊಟ್ಟಿ ಒಲೆಯ ಹಾಗೆ ಭೋರಿಟ್ಟಿತು;
ಅಂಗೈ ಊರುವ ಜಾಗ ಮಾತ್ರ ತಣ್ಣಗೇ ಉಳಿಯಿತು.

ಹೊರಡಲು ಎದ್ದವಳು ಮತ್ತೆ ಬಾಗಿದಳು.
ಉಳಿದ ಅಕ್ಷರಗಳೆಲ್ಲ ಹೊಸದರಂತಿವೆ,
ಸವೆದು ನುಣುಪಾದದ್ದು ಎರಡೇ: ಕಂಟ್ರೋಲ್, ಝಡ್.
ಯಾರೋ, ಮಾಡಿದ್ದನ್ನೆಲ್ಲ
ಹಿಂದಕ್ಕೆ ತೆಗೆದುಕೊಂಡವರು.

ಅಲ್ಲೇ ಬೆರಳಿಟ್ಟು ಕೇಳಿದಳು:
'ಎಷ್ಟಕ್ಕೆ ಕೊಡ್ತೀಯ?'