ಕೊಡೆ ರಿಪೇರಿಯವನ ಅಂಚೆ

ಮೂರು ದಿನದಿಂದ ಎಜಿಡಿಯೋ ಮಾವನ ಕಂಪ್ಯೂಟರಿನಲ್ಲಿ
ಅಂಚೆ ತೆರೆಯುತ್ತಿಲ್ಲ.
ಕೆಂಪು ಚೌಕದೊಳಗೆ ಒಂದೇ ವಾಕ್ಯ: ಪ್ರೊಫೈಲ್ ಸಿಗುತ್ತಿಲ್ಲ.
ತ್ರಿಯೆಸ್ತೆಯಲ್ಲಿ ಬೋರಾ ಗಾಳಿ. ಬೀದಿಯ ಕಸದ ಡಬ್ಬಿಗಳಲ್ಲೆಲ್ಲ
ಕಡ್ಡಿ ಮುರಿದ ಕೊಡೆಗಳು, ಕಾಲು ಮೇಲಾಗಿ.

"ಬ್ರೌಸರಿನಲ್ಲಿ ತೆರೆ ಮಾವ, ಎಲ್ಲ ಅಲ್ಲೇ ಇದೆ,
ಇದನ್ನು ಅಳಿಸಿಬಿಡು" ಅಂದೆ.
ಅವನು ಡಬ್ಬಿಗಳ ಕಡೆ ನೋಡಿದ, ನನ್ನ ಕಡೆ ನೋಡಿದ.
"ಐದು ಯೂರೋ ಕೊಟ್ಟರೆ ಹೊಸ ಕೊಡೆಯೂ ಸಿಗುತ್ತೆ."

ಆಮೇಲೆ ಮಾತಿಲ್ಲ.
ಇಕ್ಕಳ ಬದಿಗಿಟ್ಟು, ಫೋಲ್ಡರಿನ ಒಳಗೊಳಗೆ ಇಳಿದ
ಹಿಡಿಯೊಳಗಿನ ಸ್ಪ್ರಿಂಗು ತಡಕುವವನ ಹಾಗೆ.
ಒಂದು ಕಡತಕ್ಕೆ ಬೇರೆ ಹೆಸರಿಟ್ಟ. ಇನ್ನೊಂದನ್ನು ಅಳಿಸಿದ,
ಅಳಿಸುವ ಮೊದಲು ರಸೀದಿಯ ಹಿಂದೆ ಬರೆದುಕೊಂಡ.
ಹೊರಗೆ ಹೆಂಗಸೊಬ್ಬಳು ದೀಪದ ಕಂಬ ತಬ್ಬಿ ನಿಂತಿದ್ದಳು.
ಪುಟ್ಟ ಬಟ್ಟಲಿನ ಕಾಫಿ ಆರಿ ಅಂಟಾಯಿತು.

ಆರೂಕಾಲಿಗೆ
ಛಟ್ಟನೆ ತೆರೆದುಕೊಂಡಿತು:
ಹದಿನಾಲ್ಕು ವರ್ಷದ ಪತ್ರಗಳು ಮಡಿಕೆ ಬಿಚ್ಚಿ,
ಒಂದೂ ಸೋರದೆ.
ಮೀಸೆಯಲ್ಲೇ ನಕ್ಕ.

ಅಷ್ಟರಲ್ಲಿ ಮೂಲೆಯಲ್ಲೊಂದು ಸಣ್ಣ ಗೆರೆ ಓಡಿತು: ಕಳಿಸಲಾಗುತ್ತಿದೆ.
ಎಂದೋ ಸಿಟ್ಟಲ್ಲಿ ಬರೆದದ್ದು, ಹೊರಡದೆ ಒಳಗೇ ಸಿಕ್ಕಿಕೊಂಡಿದ್ದದ್ದು,
ಗೊರಿತ್ಸಿಯಾದ ಕಡ್ಡಿ ವ್ಯಾಪಾರಿ ಲೊಯ್ಜೆಗೆ:
"ನಿನ್ನ ಉಕ್ಕೂ ತಗಡು, ನಿನ್ನ ಮಾತೂ ತಗಡು."
ವೈರು ಕಿತ್ತ. ಹೋಗಿಯಾಗಿತ್ತು.

"ಕೊಡು ನಿನ್ನ ಫೋನು" ಅಂದ.
ಬ್ರೌಸರು ತೆರೆದುಕೊಟ್ಟೆ. ನಗಲಿಲ್ಲ, ಕಷ್ಟಪಟ್ಟು.
ಒಂದೇ ಬೆರಳಲ್ಲಿ, ಅಕ್ಷರಕ್ಕೊಂದು ಉಸಿರು:
"ಲೊಯ್ಜೆ, ಇಲ್ಲಿ ಗಾಳಿ ಜೋರು.
ಹಳೆಯದೇನಾದರೂ ಹಾರಿಬಂದಿದ್ದರೆ ಓದಬೇಡ.
ಕಡ್ಡಿ ನಲವತ್ತು ಬೇಕು."