ಪಾಳಿ

ಬ್ಯಾಡಗಿಯೊಳಗ ಮುನ್ನೂರಾ ಹನ್ನೆರಡು ಮನೀಗೆ
ನೆಟ್ಟಿನ ವಾಯರ್ ಎಳದಾಂವ ನಾನು.
ಟೆಂಡರ್ ಬಿಚ್ಚೂ ಹೊತ್ತಿಗೆ
ಇಡೀ ಊರು ಒಮ್ಮೆಲೇ ದರ ನೋಡತೈತಿ;
ಆವಾಗ ಯಾರ ಪ್ಯಾಕೆಟ್ ಮೊದಲು, ಯಾರದು ಆಮ್ಯಾಲೆ
ಅಂತ ಹೇಳೂ ಪ್ರೋಗ್ರಾಮು
ಯಾರ ಸ್ವತ್ತೂ ಅಲ್ಲ. ಬಳಸಿದವರು ತಿದ್ದತಾರ,
ತಿದ್ದಿದ್ದನ್ನ ಮತ್ತೊಬ್ಬರು ನೋಡತಾರ.
ಈ ವಾರ ನೋಡೂ ಪಾಳಿ ನಂದು.

ರಾತ್ರಿ ಹನ್ನೊಂದೂವರಿ. ತೆಗೆದದ್ದು ಕೆಂಪು, ಹಾಕಿದ್ದು ಹಸಿರು.
ನಮ್ಮೂರಾಗ ಇದು ತಿರುಗಾಮುರುಗಾ:
ಹಸಿರು ಮೊದಲು, ಕೆಂಪಾದ ಮ್ಯಾಲೆ ರೊಕ್ಕ.
ಕಳಿಸಿದಾಕಿ ಯಾರೋ, ಆಕಿ ಊರಾಗ ಈಗ ಬೆಳಗು.
ಚೊಲೋ ಕೈ. ಹೆಸರೆಲ್ಲ ಸ್ವಚ್ಛ,
ಟಿಪ್ಪಣಿಯಾಗ ಒಂದು ಅಲ್ಪವಿರಾಮ ತಪ್ಪೈತಿ, ಅಷ್ಟ.
"ಇವೆರಡು ಸಾಲು ದಂಡ," ಅಂತ ಬರದಾಳ,
"ತೆಗೆದರ ಜೋರು ಓಡತೈತಿ."
ಓಡಿಸಿ ನೋಡಿದೆ. ಖರೇನ ಜೋರು.
'ಒಪ್ಪಿಗೆ' ಗುಂಡಿ ಮ್ಯಾಲೆ ಬೆರಳು ಇತ್ತು.

ದಾವಲಸಾಬ ನೆನಪಾದ.

ಹಳೇ ಪ್ಯಾಟಿ ಗೇಟಿನಾಗ ಅಂವನ ಕಾಯಿದೆ:
ಲಾರಿ ನಿಂತಿರಲಿ, ತಲಿ ಮ್ಯಾಲೆ ಒಂದ ಚೀಲ ಹೊತ್ತಾಕಿ
ಮೊದಲು ಒಳಗ ಹೋಗಲಿ. ಎಷ್ಟರ ಹೊತ್ತು ಹಿಡೀತೈತಿ ಅದಕ್ಕ?
ಹದಿನೈದು ದಿನ ಚಂದ ನಡೀತು. ಆಮ್ಯಾಲೆ ಒಬ್ಬ ದಲಾಲ
ಲಾರಿ ತಿರುವಿನಾಗ ನಿಲ್ಲಿಸಿ, ಎಂಟು ಹೆಣ್ಣಾಳು ಕರೆದು
ಒಂದೊಂದ ಚೀಲ ಹೊರಿಸಿ ಕಳಿಸಿದ.
ಹೋದಾಕಿನ ಮತ್ತ ಬಂದಳು, ಮತ್ತ ಹೊಸಬಳು.
ನಮ್ಮಪ್ಪನ ಚಕ್ಕಡಿ ಎತ್ತು ನಿಂತಲ್ಲೇ
ಎರಡು ಸಲ ಮೆಲುಕು ಹಾಕಿದವು;
ಮೆಣಸಿನಕಾಯಿ ಚೀಲದ ಮ್ಯಾಲೆ ಕುಂತು ನಾ ಸೀನತಿದ್ದೆ.
ದಾವಲಸಾಬ ಎಲಿಯಡಿಕಿ ಸುಣ್ಣದ ಡಬ್ಬಿ ತಗದ:
ಒಮ್ಮೆ ಹೋದಾಕಿ ಮುಂಗೈಗೆ ಗೀರು.
ಗೀರು ಇದ್ದಾಕಿ ಹಳೇ ಪಾಳಿ ಬಾಲಕ್ಕ.

ಆ ಸುಣ್ಣದ ಗೀರೇ ಈ ಎರಡು ಸಾಲು.

ಬರದೆ: ತೆಗೀಬ್ಯಾಡ್ರಿ. ಖಾಲಿಯಾದ ಹರಿವು
ಹಳೇ ಪಾಳಿ ಕೊನೀಗೆ ಹೋಗಬೇಕು,
ಇಲ್ಲಂದ್ರ ಪ್ರತಿ ಸಲ ಹೊಸದಾಗಿ ಬರತೈತಿ.
ಎಂಟು ಹರಿವು, ಒಂದೊಂದ ಪ್ಯಾಕೆಟ್ಟು,
ಹಿಂಗೊಂದು ಪರೀಕ್ಷೆ ಸೇರಿಸ್ರಿ.
ಸುಣ್ಣದ ಮಾತು ಇಂಗ್ಲೀಷಿನಾಗ ಕೂಡಲಿಲ್ಲ, ಬಿಟ್ಟೆ.

ಇನ್ನೊಂದೂ ಬಿಟ್ಟೆ. ನಮ್ಮ ಓಣಿ ಫಕ್ಕೀರವ್ವ
ಆ ದಿನ ಎರಡನೇ ಸಲ ಬಂದದ್ದು
ತನ್ನದ ಹೊಲದ ಎರಡನೇ ಚೀಲ ಹೊತ್ತು.
ಮುಂಗೈಗೆ ಗೀರು. ಬಾಲಕ್ಕ ನಿಂತಳು, ಕತ್ತಲಾಗೂಮಟ.
ದಾವಲಸಾಬ ಆಕಿ ಮಾರಿ ನೋಡಲಿಲ್ಲ,
ಹಚ್ಚದ ಬೀಡಿ ಬಾಯಾಗಿಟ್ಟು
ಕಡ್ಡಿ ಗೀರತಿದ್ದ, ಆರಸತಿದ್ದ.

ಎರಡು ಗಂಟೇಕ್ಕ ಉತ್ತರ: "ಹೌದಲ್ಲ! ಪರೀಕ್ಷೆ ಬರೀತೀನಿ."
ಅಲ್ಪವಿರಾಮವನ್ನೂ ತಿದ್ದಿ ಕಳಿಸಿದಳು.