ನೇರಳೆ ಅಂಚು

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ
ಸಾಹುಕಾರರು ಸಂಬಳ ಕೊಡುವುದು ನನ್ನ ಎಡಗಿವಿಗೆ.
ಕಾಯಿ ಎತ್ತು, ಕಿವಿಗೆ ಹಿಡಿ, ಎರಡು ಸಲ ಅಲ್ಲಾಡಿಸು.
ಗಡಗಡ ಅಂದರೆ ಒಳಗೆ ಗಿಟಕು ಬಿಟ್ಟುಕೊಂಡಿದೆ,
ಬಲಕ್ಕೆ.
ಗುಳುಕ್ ಅಂದರೆ ನೀರಿನ್ನೂ ಹೊರಡುವ ಮನಸ್ಸು ಮಾಡಿಲ್ಲ,
ವಾಪಸ್ ಅಟ್ಟಕ್ಕೆ, ಇನ್ನೆರಡು ತಿಂಗಳು.
ಏನೂ ಅನ್ನದಿದ್ದರೆ
ಮುನೀರಾ ಕಡೆ ನೋಡುತ್ತೇನೆ, ಅವಳು ನನ್ನ ಕಡೆ.
ಕೌಟು ಹಿಡಿದದ್ದೂ ಒಮ್ಮೊಮ್ಮೆ ಗಡಗಡ ಅಂದು ನಂಬಿಸುತ್ತದೆ.
ಒಡೆದಾಗ ಗೊತ್ತಾಗುತ್ತದೆ,
ಆಮೇಲೆ ಶನಿವಾರದ ಬಟವಾಡೆಯಲ್ಲಿ.
ಹನ್ನೊಂದು ವರ್ಷ. ಬಲಗಿವಿ ಇನ್ನೂ ಹೊಸದು,
ಅದನ್ನು ಫೋನಿಗೆ ಅಂತ ಇಟ್ಟುಕೊಂಡಿದ್ದೇನೆ.

ರಾತ್ರಿ ಅಣ್ಣನ ಮಗ ತೋಂಟೇಶ
ಚಾಪೆಯ ಮೇಲೆ ಬೋರಲು ಮಲಗಿ ಕತ್ತಿ ಮಾಡುತ್ತಾನೆ.
ಮೊಬೈಲಿನೊಳಗೆ ಅವನದೊಂದು ಕುಲುಮೆ,
ಮೊಣಕಾಲುದ್ದ ಗಡ್ಡದ ಕುಳ್ಳ ಕಮ್ಮಾರ, ನಿದ್ದೆಯಿಲ್ಲದವನು.
ಚಂದ್ರಶಿಲೆ, ಹಾವುಗಬ್ಬಿಣ, ಡ್ರ್ಯಾಗನ್ನಿನ ದವಡೆಹಲ್ಲು,
ಒಂದೊಂದಕ್ಕೂ ಒಂದು ಚೌಕ, ಚೌಕಕ್ಕೊಂದು ಅಂಚು.
"ಬೂದಿ ಅಂಚು ಅಂದ್ರೆ ಕಸ ಅತ್ತೆ,
ಹಸಿರು ಪರ್ವಾಗಿಲ್ಲ, ನೀಲಿ ಒಳ್ಳೇದು,
ನೇರಳೆ ಸಿಕ್ರೆ ಸಾಯೋವರ್ಗೂ ಮಾರ್ಬಾರ್ದು."
ಎಷ್ಟು ಸಲೀಸು, ಅಂದುಕೊಂಡೆ.
ಅಂಚು ನೋಡಿ ಸೀರೆ ತಂದವಳು ನಾನು,
ಮೂರನೇ ಒಗೆತಕ್ಕೆ ಒಡಲು ಜಾಳು.

ತೊಂಬತ್ತೊಂದು ಅಂಕದ ನೇರಳೆ ಅದಿರು ಹಾಕಿದ.
ಕತ್ತಿ ಹೊರಬಂದದ್ದು ಮೂವತ್ತು ಚಿಲ್ಲರೆಗೆ.
ಹುಡುಗನ ಗಂಟಲು ಕಟ್ಟಿತು.
"ಹಾಕೋಕೆ ಮುಂಚೆ ಬಡಿದು ನೋಡಿದ್ಯೇನೋ?"
"ಬಡಿದ್ರೆ ಸದ್ದು ಬರುತ್ತೆ, ಸುಮ್ನೆ. ಅದಕ್ಕೇನೂ ಅರ್ಥ ಇಲ್ಲ."

ಅರ್ಥವಿಲ್ಲದ ಸದ್ದು!
ಎಲ್ಲಿದೆಯಪ್ಪಾ ಅಂಥದ್ದು, ಕೊಡು ಇಲ್ಲಿ.
ಇಯರ್‌ಫೋನು ಸಿಕ್ಕಿಸಿಕೊಂಡೆ, ಎಡಗಿವಿಗೇ, ಸಂಬಳದ ಕಿವಿಗೆ.
ಉಳಿದಿದ್ದ ಇನ್ನೊಂದು ನೇರಳೆಯನ್ನು ಸುತ್ತಿಗೆ ಮುಟ್ಟಿತು: ಢಬ್.
ಒದ್ದೆ ಗೋಡೆಗೆ ಗುದ್ದಿದ ಹಾಗೆ.
ಕಸವೆಂದು ಮೂಲೆಗಿಟ್ಟ ಬೂದಿ ಅಂಚಿನದನ್ನು: ಠಣ್.
ಹೊಸ ಬಿಂದಿಗೆ, ಬಾಯಿ ಸೀಳದ್ದು.
"ಇದನ್ನ ಹಾಕು," ಅಂದೆ.
ಹಾಕಿಬಿಟ್ಟ. ಕೂಡಿಟ್ಟ ಇದ್ದಿಲನ್ನೆಲ್ಲ ಸುರಿದು
ಒಂದು ಮಾತೂ ಎದುರಾಡದೆ.
ಹನ್ನೆರಡು ಬಂತು.

ಅವನು ಗೋಡೆಯ ಕಡೆ ತಿರುಗಿ ಮಲಗಿದ ಮೇಲೆ
ಕದ್ದು ಮತ್ತೆ ಬಡಿದು ನೋಡಿದೆ, ಒಂದೇ ಕಲ್ಲನ್ನು, ಹತ್ತಾರು ಸಲ.
ಢಬ್, ಠಣ್, ಠಿಣ್. ಢಬ್, ಠಣ್, ಠಿಣ್.
ಆ ಲೋಕದ ಅಷ್ಟೂ ಲೋಹಕ್ಕೆ ಮೂರೇ ಸದ್ದು, ಸರದಿಯ ಮೇಲೆ.
ನಾನು ತೂಗಿದ್ದು ಸರದಿಯನ್ನು.
ಹೊರಗೆ ಎರಡೂವರೆಯ ಗಾಡಿ ಜಂಕ್ಷನ್ನಿನಲ್ಲಿ ನಿಟ್ಟುಸಿರಿಟ್ಟಿತು.
ಅದು ಯಾವ ಗಾಡಿ, ತುಂಬಿದ್ದೋ ಖಾಲಿಯೋ,
ಹೇಳಬಲ್ಲೆ. ಹೇಳಲಿಲ್ಲ.

ಶನಿವಾರ ಬುತ್ತಿ ತಂದವನು ಗೋಡೌನಿನಲ್ಲೇ ಉಳಿದ.
ರಾಶಿಯಿಂದೊಂದು ಕಾಯಿ ಎತ್ತಿ
ಕಿವಿಗೆ ಹಿಡಿದ. ಎಡಗಿವಿಗೆ.
(ಬಲಗೈಯವನು ಅವನು, ನನ್ನ ಹಾಗೆ ಎಡಚನಲ್ಲ.)
"ಅತ್ತೆ, ಇದೇನೂ ಅಂತಿಲ್ಲ."
ನಾನು ಅಲ್ಲಾಡಿಸಿದೆ. ಇಲ್ಲ.
ಮುನೀರಾ ಅಲ್ಲಾಡಿಸಿ, ಮೂಸಿ, ಮಚ್ಚಿನ ಬೆನ್ನಲ್ಲಿ ಒಂದೇಟು ಹಾಕಿದಳು.

ಒಳಗೆ ಗಿಟಕೂ ಇಲ್ಲ, ನೀರೂ ಇಲ್ಲ.
ಮೊಳಕೆಯ ಹೂವು, ಚಿಪ್ಪಿನ ತುಂಬ,
ತಿಳಿಹಳದಿ, ಬೆಂಡಿನಂಥದ್ದು, ಸಿಹಿಯಾಗಿ ಬೆವೆತದ್ದು.
ಸಾಹುಕಾರರ ಲೆಕ್ಕದ ಪುಸ್ತಕದಲ್ಲಿ
ಉಂಡೆಗೆ ಕಾಲಂ ಇದೆ, ಹೋಳಿಗಿದೆ, ಕೌಟಿಗೂ ಇದೆ,
ಇದಕ್ಕಿಲ್ಲ.
ಮೂರು ಪಾಲು ಮಾಡಿದೆವು.

"ಇದಕ್ಕೆ ಯಾವ ಅಂಚು ಅತ್ತೆ?"
ನನ್ನ ಬಾಯಿ ತುಂಬಿತ್ತು.
ಮುನೀರಾ ಸೆರಗಲ್ಲಿ ತುಟಿ ಒರೆಸಿಕೊಂಡು
ಚಿಪ್ಪನ್ನು ಮಟ್ಟೆಯ ರಾಶಿಯೊಳಕ್ಕೆ ತೂರಿಸಿದಳು,
ಸಾಹುಕಾರರ ಚಪ್ಪಲಿ ಸದ್ದು ಬಾಗಿಲಿಗೆ ಬರುವ ಮೊದಲೇ.